ಕಂಪನಿ ಕೊಂಡರೆ 'ಸ್ವಾಧೀನ'ವೋ 'ಕ್ರಯ'ವೋ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಕಾಲೇಜು ಮಕ್ಕಳಿಗೆ ವಾಣಿಜ್ಯ ಪಾಠ ಮಾಡುತ್ತೇನೆ. ಕನ್ನಡದಲ್ಲಿ ಟಿಪ್ಪಣಿ ಬರೆಯುವಾಗ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಒಂದು ದೇಶದ ಕಂಪನಿ ಇನ್ನೊಂದು ದೇಶದ ಕಂಪನಿಯನ್ನು ಕೊಂಡರೆ ಪತ್ರಿಕೆಗಳು 'ಸ್ವಾಧೀನಪಡಿಸಿಕೊಂಡಿತು' ಎನ್ನುತ್ತವೆ. ಮಲೆನಾಡಿನವರ ಕಿವಿಗೆ ಇದು ಬೇರೆಯೇ ಕೇಳಿಸುತ್ತದೆ. ಲಿಂಗನಮಕ್ಕಿ ಅಣೆಕಟ್ಟಿಗೆ ಜಮೀನು ಹೋಯಿತಲ್ಲ, ಆ ಸ್ವಾಧೀನ. ಅಲ್ಲಿ ಕೊಡುವವರನ್ನು ಒಪ್ಪಿಗೆ ಕೇಳಿರಲಿಲ್ಲ. ಕಂಪನಿ ವ್ಯವಹಾರದಲ್ಲಿ ಜಾಸ್ತಿ ಸಲ ಇಬ್ಬರೂ ಕೂತು ದರ ಮಾತಾಡಿರುತ್ತಾರೆ.

ತರಗತಿಯಲ್ಲಿ ಅಡಿಕೆ ತೋಟದ ಲೆಕ್ಕದಲ್ಲಿ ಹೇಳಿದೆ. ಚೇಣಿದಾರ ಫಸಲು ಮಾತ್ರ ಗುತ್ತಿಗೆ ಹಿಡಿಯುತ್ತಾನೆ, ತೋಟ ಮಾಲೀಕನದ್ದೇ. ತೋಟವನ್ನೇ ಕೊಂಡರೆ ಅದು ಕ್ರಯ. 'ಪೂರೈಕೆ ಸರಪಳಿ' ಅನ್ನುತ್ತೇವಲ್ಲ, ಅದರ ಎಷ್ಟೋ ಕೊಂಡಿಗಳು ಚೇಣಿಯ ಥರದವು. ಮಾಲು ನಮಗೆ ಬರುತ್ತದೆ, ಕಾರ್ಖಾನೆ ಬೇರೆಯವರದ್ದು. ಆ ಕೊಂಡಿ ಕೈತಪ್ಪಬಾರದು ಅನ್ನಿಸಿದಾಗ, ಇಲ್ಲವೇ ಗಿರಾಕಿಗೆ ಹತ್ತಿರವಾಗಬೇಕು ಅನ್ನಿಸಿದಾಗ ಕಂಪನಿಯನ್ನೇ ಕೊಳ್ಳುತ್ತಾರೆ. ಕೊಡಗು, ಚಿಕ್ಕಮಗಳೂರಿನಲ್ಲಿ ತೋಟಗಳಿದ್ದ ಟಾಟಾ ಕಾಫಿ 2006ರಲ್ಲಿ ಅಮೆರಿಕದ ಎಯ್ಟ್ ಓ ಕ್ಲಾಕ್ ಕಾಫಿ ಎಂಬ ಕಂಪನಿಯನ್ನು ಕೊಂಡಿತು. ಕಾಫಿ ಬೆಳೆಯುವವರು ಅಲ್ಲಿನ ಅಂಗಡಿಯ ತನಕ ಹೋದರು.

ಇನ್ನೊಂದು ಉದಾಹರಣೆಯಲ್ಲಿ ಮಕ್ಕಳು ಜಾಸ್ತಿ ಪ್ರಶ್ನೆ ಕೇಳಿದರು. ಜಾಗ್ವಾರ್ ಲ್ಯಾಂಡ್ ರೋವರ್ ಕಂಪನಿಯನ್ನು ಫೋರ್ಡ್‌ನಿಂದ 230 ಕೋಟಿ ಡಾಲರಿಗೆ ಕೊಳ್ಳಲು ಟಾಟಾ ಮೋಟಾರ್ಸ್ 2008ರ ಮಾರ್ಚ್‌ನಲ್ಲಿ ಒಪ್ಪಿತು. ಕಂಪನಿ ಕೈಗೆ ಬಂದದ್ದು ಜೂನ್‌ನಲ್ಲಿ. ಆಮೇಲೂ ಎಂಜಿನ್‌ಗಳು ಫೋರ್ಡ್‌ನಿಂದಲೇ ಬರುತ್ತಿದ್ದವು, ಒಪ್ಪಂದದಲ್ಲೇ ಹಾಗಿತ್ತು. ತೋಟ ಕ್ರಯವಾದ ಮೇಲೂ ಹಳೇ ಮಾಲೀಕನ ಕೆರೆಯಿಂದಲೇ ನೀರು ಬಂದ ಹಾಗೆ.

ನಮ್ಮ ಕ್ರಯಪತ್ರಗಳಲ್ಲಿ ಎರಡೂ ಪದ ಇವೆ ಅಲ್ವಾ? ಕ್ರಯ ಅಂದರೆ ಕೊಂಡದ್ದು, ಸ್ವಾಧೀನ ಅಂದರೆ ವಶಕ್ಕೆ ಬಂದದ್ದು. ಹಾಗಾದರೆ ಮಾರ್ಚ್‌ನದು ಕ್ರಯದ ಕರಾರು, ಜೂನ್‌ನದು ಸ್ವಾಧೀನ ಎಂದು ಬರೆಯಬಹುದೇ? ಗಡಿ ದಾಟಿದ ವ್ಯವಹಾರಕ್ಕೆ ಬೇರೆ ಬೇರೆ ದೇಶಗಳ ಅನುಮತಿ ಬೇಕಾಗುತ್ತದೆ, ನಡುವೆ ತಿಂಗಳುಗಳೇ ಹೋಗುತ್ತವೆ. ಎರಡಕ್ಕೂ ಒಂದೇ ಪದ ಹಾಕಿದರೆ ಮಕ್ಕಳಿಗೆ ಆ ನಡುವಿನ ಕಾಲ ಕಾಣುವುದೇ ಇಲ್ಲ.

ನನಗೆ ಒಂದೇ ಅಳುಕು. 'ಕ್ರಯ' ಅಂದರೆ ನಿಮ್ಮ ಕಡೆ ಬರೀ ಮನೆ, ಜಮೀನು ಮಾತ್ರ ನೆನಪಾಗುತ್ತದೆಯೇ? ಕಂಪನಿಗೂ ಹೊಂದೀತೇ? ಚೇಣಿಗೆ ಸಾಗರ, ಶಿರಸಿ ಕಡೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ.