ದೀಪಕ್ಕೆ ಬಂದ ಹುಳ ಮ್ಯಾಂಟಿಸ್ ಮರಿಯೇ?

ಪ್ರಶ್ನೆ (ಧಾರವಾಡ):
ಮಳಿ ನಿಂತ ಮ್ಯಾಲೆ ಅಂಗಳದ ಬಲ್ಬಿಗೆ ಒಂದು ಹುಳ ಬಂದೈತಿ. ಎರಡು ಸೆಂ.ಮೀ. ಒಳಗ. ಮುಂಗಾಲು ಥೇಟ್ ಮ್ಯಾಂಟಿಸ್‌ನಂಗ (ಕೈ ಮುಗಿದಂಗ ಕೂಡೋ ಬೇಟೆಹುಳ) ಮಡಚಿಕೊಂಡೈತಿ, ರೆಕ್ಕಿ ಮಾತ್ರ ಗಾಜಿನಂಗ. ಮರಿ ಇರಬಹುದೇನ್ರೀ?

ಉತ್ತರ 1 (ಹುಬ್ಬಳ್ಳಿ):
ಅಲ್ಲರೀ, ಮ್ಯಾಂಟಿಸ್ ಮರಿಗೆ ಪೂರ್ತಿ ರೆಕ್ಕೆ ಇರೋದಿಲ್ಲ. ಇದು ಮ್ಯಾಂಟಿಡ್‌ಫ್ಲೈ, ಮ್ಯಾಂಟಿಸ್‌ನಂಗ ಕಾಣೋ ಬೇರೆ ಹುಳ; ಕ್ರೈಸೋಪರ್ಲಾ ಅನ್ನೋ ಹಸಿರು ಲೇಸ್‌ವಿಂಗ್ ಹುಳದ ಗಣವಾದ ನ್ಯೂರಾಪ್ಟೆರಾಕ್ಕೆ ಸೇರಿದ್ದು. ಮೊದಲು ರೆಕ್ಕೆ ನೋಡ್ರಿ: ಎರಡೂ ಜೋಡಿ ತೆಳು, ತುಂಬ ನರ, ಕೂತಾಗ ಮನೆಯ ಮಾಡಿನಂತೆ ಇಳಿಜಾರು. ಮ್ಯಾಂಟಿಸ್‌ಗೆ ಮುಂದಿನ ಜೋಡಿ ದಪ್ಪ, ಬೆನ್ನ ಮೇಲೆ ಚಪ್ಪಟೆ. ಮ್ಯಾಂಟಿಡ್‌ಫ್ಲೈದ ಮುಂಗಾಲು ತಲೆಯ ಹಿಂದೆಯೇ, ಎದೆಯ ಮುಂತುದಿಗೆ ಕೂಡಿರ್ತದ. ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ಹಾಕ್ರಿ. ಫ್ಲ್ಯಾಶ್ ಹಾಕಿದ್ರ ರೆಕ್ಕೆ ಹೊಳೆದು ನರ ಕಾಣೋದಿಲ್ಲ. ಬಿಳಿ ಬಟ್ಟೆ ಮೇಲೆ ಟಾರ್ಚ್ ಓರೆಯಾಗಿ ಹಿಡೀರಿ.

ಉತ್ತರ 2 (ಹಾವೇರಿ):
ಮೊಟ್ಟೆಯಲ್ಲೂ ಗೊತ್ತಾಗ್ತದ. ಮ್ಯಾಂಟಿಸ್‌ದು ನೊರೆ ಗಟ್ಟಿಯಾದಂಥ ಗೂಡು. ಇದರದು ಒಂದೊಂದೂ ಸಣ್ಣ ದಾರದಂಥ ಕಾಂಡದ ತುದಿಗೆ. ಈ ಗುಂಪಿನ ಬಹಳಷ್ಟು ಜಾತಿಗಳ ಮರಿ ಜೇಡದ ಮೊಟ್ಟೆಚೀಲದೊಳಗೆ ಸೇರಿ ಮೊಟ್ಟೆಗಳ ರಸ ಹೀರ್ತದ. ಕೆಲವು ಜೇಡದ ಮೈಮೇಲೆಯೇ ಹತ್ತಿ, ಅದು ಚೀಲ ನೇಯುವಾಗ ಒಳಗೆ ನುಸುಳ್ತಾವ. ಎಂಥಾ ಹೊಂಚು ನೋಡ್ರಿ! ಅದಕ್ಕ ಜೇಡ ಸಿಗದಿದ್ರ ಮರಿ ಸಾಕೋದು ಆಗೋದಿಲ್ಲ.

ಉತ್ತರ 3 (ಗದಗ):
ಕೆರೆ ಹತ್ತಿರ ಇದ್ರ ಬಾಲವನ್ನೂ ನೋಡ್ರಿ. ಉದ್ದ ಉಸಿರು ನಳಿಗೆ, ಚುಚ್ಚುವ ಕೊಕ್ಕು ಇದ್ರ ಅದು ಇಂಥದೇ ಮುಂಗಾಲಿನ ನೀರುಚೇಳು, ತಿಗಣೆ ಬಳಗದ್ದು. ಬರಿಗೈಲೆ ಹಿಡೀಬ್ಯಾಡ್ರಿ, ಚುಚ್ಚಿದ್ರ ನೋಯ್ತದ. ಮ್ಯಾಂಟಿಡ್‌ಫ್ಲೈ ಆದ್ರ ಬಲ್ಬ್ ಆರಿಸ್ರಿ, ತಾನೇ ಹೋಗ್ತದ.