ಗೇಟಿನ ಕಮಾನಿಗೆ ಪೈಪ್ ಬಗ್ಗಿಸುವ ಬಗ್ಗೆ

ಸೌಮ್ಯಾ, ನಿನ್ನ ಮೆಸೇಜ್ ಈಗ ನೋಡಿದೆ. ಗೇಟಿನ ಮೇಲೆ ಜಾಜಿ ಬಳ್ಳಿ ಹಬ್ಬಿಸಲು ಕಮಾನು ಬೇಕು, ಫ್ಯಾಬ್ರಿಕೇಶನ್ ಅಂಗಡಿಯವರ ರೇಟು ಕೈಗೆಟುಕುವ ಹಾಗಿಲ್ಲ, ಮನೆಯಲ್ಲೇ ಪೈಪ್ ಬಗ್ಗಿಸಬಹುದಾ ದೊಡ್ಡಪ್ಪ ಅಂತ ಕೇಳಿದ್ದೀಯ. ಧಾರಾಳವಾಗಿ ಬಗ್ಗಿಸಬಹುದು. ಮೆಷಿನ್ ಬೇಡ, ಬೆಂಕಿಯೂ ಬೇಡ. ನನ್ನ ಮೆಸೇಜು ಉದ್ದ ಆಗುತ್ತದೆ, ಆದರೆ ಇದು ನನಗೆ ತುಂಬಾ ಇಷ್ಟದ ಕೆಲಸ, ಅರ್ಧಂಬರ್ಧ ಹೇಳಲು ಮನಸ್ಸು ಬರುವುದಿಲ್ಲ.

ಮೊದಲು ಬೆಂಕಿ ವಿಷಯ. ಪೈಪಿಗೆ ಮರಳು ತುಂಬಿ ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿ ಅಂತ ಭಾವ ಬರೆದಿದ್ದಾರೆ. ಭಾವ, ನೀವು ಹೇಳಿದ್ದು ಹಳೇ ಕಾಲದಿಂದ ಬಂದ ಒಳ್ಳೆಯ ವಿಧಾನವೇ. ಆದರೆ ಅದು ಲೇಪ ಇಲ್ಲದ ಕರಿ ಪೈಪಿಗೆ ಸರಿ, ಜಿಐ ಪೈಪಿಗೆ ಬೇಡ. ಜಿಐ ಪೈಪಿನ ಮೇಲಿರುವುದು ಸತುವಿನ ಲೇಪ. ಸತು 419 ಡಿಗ್ರಿಗೇ ಕರಗುತ್ತದೆ, ಕಬ್ಬಿಣ ಕೆಂಪಗೆ ಕಾಯುವ ಹೊತ್ತಿಗೆ ಬಿಳಿ ಹೊಗೆ ಏಳುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈ ನೋವು ಶುರುವಾಗುತ್ತದೆ. ವೆಲ್ಡಿಂಗ್ ಮಾಡುವವರನ್ನು ಕೇಳಿ ನೋಡಿ, ಚೆನ್ನಾಗಿ ಗೊತ್ತಿರುತ್ತದೆ. ಮನೆಯಲ್ಲಿ ಚಿಕ್ಕ ಮಗು ಬೇರೆ ಇದೆ. ಅದರ ಮೇಲೆ ಮರಳಿನಲ್ಲಿ ಒಂಚೂರು ತೇವ ಇದ್ದರೂ ಕಾದಾಗ ಆವಿ ಕಟ್ಟಿಕೊಂಡು ಮರಳು ಚೆಲ್ಲದ ಹಾಗೆ ತುದಿಗೆ ಬಡಿದ ಬೆಣೆ ಗುಂಡಿನ ಹಾಗೆ ಹಾರುತ್ತದೆ. ಹಾಗಾಗಿ ತಣ್ಣಗೇ ಬಗ್ಗಿಸೋಣ.

ಈ ಕಮಾನಿಗೆ ಮರಳೂ ಬೇಡ. ಯಾಕೆ ಅಂದರೆ, ಪೈಪ್ ಬಗ್ಗುವಾಗ ಹೊರಗಡೆ ಹಿಗ್ಗುತ್ತದೆ, ಒಳಗಡೆ ಕುಗ್ಗುತ್ತದೆ. ತಿರುವು ಬಿಗಿಯಾದಷ್ಟೂ ಪೈಪ್ ಚಪ್ಪಟೆಯಾಗುತ್ತಾ ಹೋಗಿ ಕೊನೆಗೆ ಒಳಬದಿ ಮಡಚಿಕೊಳ್ಳುತ್ತದೆ. ಒಂದು ಸಲ ಮಡಚಿತು ಅಂದರೆ ಆ ಜಾಗ ಮತ್ತೆ ಸರಿಯಾಗುವುದಿಲ್ಲ. ಮರಳು ತುಂಬುವುದು ಅದನ್ನು ತಡೆಯಲಿಕ್ಕೆ. ಆದರೆ ನಿನ್ನ ಕಮಾನಿನ ತಿರುವು ತುಂಬಾ ಸಡಿಲ. ಮುಂದೆ ಯಾವತ್ತಾದರೂ ಹಿಡಿಕೆ, ಸ್ಟೂಲಿನ ಕಾಲು ಅಂತ ಗೇಣಗಲದ ತಿರುವು ಬೇಕಾದರೆ ಆಗ ಮರಳು ತುಂಬು. ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿ, ಪೈಪಿಗೆ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಗಟ್ಟಿಯಾಗಿ ತುಂಬಬೇಕು. ಸಡಿಲವಾಗಿ ತುಂಬಿದರೆ ತುಂಬದಿದ್ದ ಹಾಗೆಯೇ.

ಪೈಪ್ ತರುವಾಗ ಅರ್ಧ ಇಂಚಿನ ಜಿಐ ಪೈಪ್, ಮೀಡಿಯಂ ಕ್ಲಾಸ್ ಅಂತ ಕೇಳು. ಅದಕ್ಕೆ ನೀಲಿ ಪಟ್ಟಿ ಬಳಿದಿರುತ್ತದೆ, ಪೈಪಿನ ಗೋಡೆಯ ದಪ್ಪ 2.6 ಮಿ.ಮೀ. ಹಳದಿ ಪಟ್ಟಿಯದ್ದು ಲೈಟ್, 2 ಮಿ.ಮೀ. ಸ್ವಲ್ಪ ದುಡ್ಡು ಉಳಿಯುತ್ತದೆ, ಆದರೆ ಬಗ್ಗಿಸುವಾಗ ನೀಲಿಯಷ್ಟು ತಡೆಯುವುದಿಲ್ಲ. ಇಲ್ಲಿ ಉಳಿತಾಯ ಮಾಡಬೇಡ. ಗುಜರಿಯಲ್ಲಿ ಹಳೇ ಪೈಪ್ ಸಿಕ್ಕರೂ ಆಗುತ್ತದೆ, ಒಳಗೆ ತುಕ್ಕು ತಿಂದಿರಬಾರದು, ಮಧ್ಯದಲ್ಲಿ ಜಾಯಿಂಟ್ ಇರಬಾರದು, ಅಷ್ಟೇ.

ಅಳತೆ ನಿನ್ನ ಅದೃಷ್ಟಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡು. ಪೈಪ್ 20 ಅಡಿ ಬರುತ್ತದೆ. ನಿನ್ನ ಚಿಕ್ಕ ಗೇಟಿಗೆ 4 ಅಡಿ ಅಗಲದ ಕಮಾನು ಅಂದುಕೊಂಡರೆ ಮೇಲಿನ ಅರ್ಧ ವೃತ್ತಕ್ಕೆ ಸುಮಾರು 6 ಅಡಿ 4 ಇಂಚು ಹೋಗುತ್ತದೆ. ಎರಡೂ ಕಾಲಿಗೆ ತಲಾ 6 ಅಡಿ 10 ಇಂಚು ಉಳಿಯುತ್ತದೆ. ಒಂದೂವರೆ ಅಡಿ ನೆಲದೊಳಗೆ ಹೂತರೂ ಕಮಾನಿನ ನೆತ್ತಿ 7 ಅಡಿ 4 ಇಂಚು ಎತ್ತರದಲ್ಲಿ ನಿಲ್ಲುತ್ತದೆ. ಒಂದು ತುಂಡೂ ವೇಸ್ಟ್ ಇಲ್ಲ, ವೆಲ್ಡಿಂಗೂ ಇಲ್ಲ. ಇಂಥವು ಎರಡು ಬೇಕು. ಒಂದೂವರೆ ಅಡಿ ಅಂತರದಲ್ಲಿ ನಿಲ್ಲಿಸಿ ಮಧ್ಯೆ ಬಿದಿರು ದಬ್ಬೆ ಅಡ್ಡ ಇಟ್ಟು ಬೈಂಡಿಂಗ್ ವೈರಿನಲ್ಲಿ ಕಟ್ಟಿದರೆ ಜಾಜಿಗೆ ಸಾಕು. ಆದರೆ ಮಗುವಿಗೆ ಜೋಕಾಲಿ ಕಟ್ಟಲು ಅಲ್ಲ, ಅದನ್ನು ಮಾತ್ರ ನೆನಪಿಟ್ಟುಕೋ.

ಈಗ ಅಚ್ಚು. ಮುಖ್ಯ ಕೆಲಸ ಇದೇ. ಸೆಂಟ್ರಿಂಗ್ ಕೆಲಸದವರ ಹತ್ತಿರ ಹಳೇ ಪ್ಲೈ ಇರುತ್ತದೆ, 4 ಅಡಿಗೆ 3 ಅಡಿಯ ತುಂಡು ಕೇಳಿ ತಾ. ಮೊಳೆಗೆ ದಾರ ಕಟ್ಟಿ ಸೀಸದಕಡ್ಡಿಯಲ್ಲಿ ಕಮಾನು ಗೀಚು. ದಾರ 24 ಇಂಚು ಇರಬಾರದು, 22 ಇಂಚು ಇರಲಿ. ಕೈ ಬಿಟ್ಟ ತಕ್ಷಣ ಪೈಪ್ ಸ್ವಲ್ಪ ಹಿಂದಕ್ಕೆ ಚಿಮ್ಮಿ ಅಗಲವಾಗುತ್ತದೆ, ಅದಕ್ಕೆ ಆ 2 ಇಂಚು ಬಿಟ್ಟುಕೊಡಬೇಕು. ಇದೇ ಕಾರಣಕ್ಕೆ ಅರ್ಧ ವೃತ್ತಕ್ಕೇ ನಿಲ್ಲಿಸದೆ ಗೆರೆಯನ್ನು ಇನ್ನೂ ಏಳೆಂಟು ಇಂಚು ಮುಂದಕ್ಕೆ ಎಳಿ. ಗೆರೆಯ ಒಳಬದಿಗೆ ರೀಪರ್ (ಮರದ ಪಟ್ಟಿ) ತುಂಡುಗಳನ್ನು ಸಾಲಾಗಿ ಸ್ಕ್ರೂ ಹಾಕಿ ಕೂರಿಸು. ಒಂದಕ್ಕೊಂದು ತಾಗಿಕೊಂಡಿರಲಿ, ಮಧ್ಯೆ ಜಾಗ ಬಿಟ್ಟರೆ ಅಲ್ಲಲ್ಲಿ ಮೂಲೆ ಬೀಳುತ್ತದೆ. ಚೂಪು ಅಂಚುಗಳನ್ನು ಉಜ್ಜಿ ನುಣ್ಣಗೆ ಮಾಡು. ಕಮಾನು ಶುರುವಾಗುವ ಕಡೆ ಹೊರಬದಿಗೆ ಒಂದು ದಪ್ಪ ಮರದ ತುಂಡನ್ನು ಬೋಲ್ಟ್ ಹಾಕಿ ಬಿಗಿ ಮಾಡು, ಪೈಪ್ ಅದಕ್ಕೂ ರೀಪರಿಗೂ ಮಧ್ಯೆ ಸಿಕ್ಕಿಕೊಳ್ಳಬೇಕು. ಹಿಂದಿನ ಉದ್ದದ ಕಾಲನ್ನು ತೆಂಗಿನ ಮರದ ಬುಡಕ್ಕೆ ಆನಿಸಿಬಿಟ್ಟರೆ ಅಚ್ಚಿನ ಮೇಲೆ ಭಾರ ಕಡಿಮೆ ಬೀಳುತ್ತದೆ.

ಪೈಪಿನ ಉದ್ದಕ್ಕೂ ಬೆಸುಗೆಯ ಗೆರೆ ಇರುತ್ತದೆ, ತುದಿಯಲ್ಲಿ ಪೈಪಿನ ಒಳಗೆ ಬೆರಳು ಆಡಿಸಿದರೆ ಸಿಗುತ್ತದೆ. ಅದು ಆಕಾಶ ನೋಡುವ ಹಾಗೆ ಮಲಗಿಸು. ಅಲ್ಲಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಎರಡೂ ತುದಿಯಿಂದ 6 ಅಡಿ 10 ಇಂಚಿಗೆ ಗುರುತು ಹಾಕಿಕೊಂಡು ಒಂದು ಗುರುತಿನಿಂದ ಶುರು ಮಾಡಿ ಇನ್ನೊಂದು ಗುರುತಿಗೆ ನಿಲ್ಲಿಸು. ಅಳಿಯಂದಿರು ಪ್ಲೈ ಮೇಲೆ ನಿಂತುಕೊಳ್ಳಲಿ, ನೀನು ಪೈಪಿನ ತುದಿ ಹಿಡಿದು ನಡೆ. ಉದ್ದ ಪೈಪೇ ಸನ್ನೆಗೋಲು. ತುಂಬಿದ ಬಿಂದಿಗೆ ಎತ್ತುವಷ್ಟು ಬಲ ಸಾಕು. ದಡಕ್ಕನೆ ಎಳೆಯಬೇಡ. ಒಂದು ರೀಪರಿಗೆ ಪೈಪ್ ಪೂರ್ತಿ ತಾಗಿತಾ ನೋಡು, ಆಮೇಲೆ ಮುಂದಿನದಕ್ಕೆ ಹೋಗು. ಕಟ್ಟಡದಲ್ಲಿ ಕಂಬಿ ಬಗ್ಗಿಸುವವರನ್ನು ನೋಡಿದ್ದೀಯಲ್ವಾ? ಅವರದ್ದೂ ಹಲಗೆ, ಗೂಟ, ಕಂಬಿ ತಿರುಗಿಸುವ ಒಂದು ಚಾವಿ, ಅಷ್ಟೇ ಬಂಡವಾಳ.

ಒಂದು ಮಾತು ಎಲ್ಲದಕ್ಕಿಂತ ಮುಖ್ಯ. 20 ಅಡಿ ಪೈಪ್ ಕೈಯಲ್ಲಿ ತಿರುಗುವಾಗ ತುದಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ನಿಮ್ಮ ಗೇಟಿನ ಮುಂದೆಯೇ ಕರೆಂಟ್ ತಂತಿ ಹೋಗಿದೆ. ಪೈಪನ್ನು ಯಾವ ಕಾರಣಕ್ಕೂ ನೆಟ್ಟಗೆ ಎತ್ತಬೇಡಿ. ಬಗ್ಗಿಸುವ ಕೆಲಸ ಹಿತ್ತಲಲ್ಲೇ, ನೆಲದ ಮೇಲೇ ಆಗಲಿ. ಮಹಡಿ ಮೇಲಂತೂ ಬೇಡವೇ ಬೇಡ. ಗೇಟಿನ ಹತ್ತಿರ ನಿಲ್ಲಿಸುವಾಗ ಇಬ್ಬರೂ ಹಿಡಿದು, ಮೂರನೆಯವರು ಮೇಲೆ ನೋಡುತ್ತಾ ನಿಂತಿರಲಿ.

ಬಗ್ಗಿಸಿದ ಮೇಲೆ ಅಂಗಳದಲ್ಲಿ ಸೀಮೆಸುಣ್ಣದಲ್ಲಿ 4 ಅಡಿಯ ಕಮಾನು ಬರೆದು ಪೈಪನ್ನು ಅದರ ಮೇಲೆ ಇಟ್ಟು ನೋಡು. ಕಾಲುಗಳು ಒಂದೆರಡು ಇಂಚು ಹೆಚ್ಚುಕಮ್ಮಿ ಇದ್ದರೆ ಕೈಯಲ್ಲೇ ಎಳೆದು ಸರಿ ಮಾಡಬಹುದು. ಎರಡನೇ ಪೈಪ್ ಮುಗಿಯುವವರೆಗೂ ಅಚ್ಚಿನ ಒಂದು ಸ್ಕ್ರೂ ಕೂಡ ಬಿಚ್ಚಬೇಡ, ಆಗಲೇ ಎರಡೂ ಜೋಡಿಯಾಗಿ ಬರುವುದು. ತಿರುವಿನಲ್ಲಿ ಸತುವಿನ ಲೇಪ ಸಣ್ಣಗೆ ಬಿರುಕು ಬಿಟ್ಟಿದ್ದರೆ ಅಲ್ಲಿಗೆ ಜಿಂಕ್ ಪೇಂಟ್ ಬಳಿ. ನೆಲದೊಳಗೆ ಹೋಗುವ ಭಾಗಕ್ಕೂ, ನೆಲದಿಂದ ಒಂದು ಗೇಣು ಮೇಲಕ್ಕೂ ಬಳಿ, ಮಳೆಗಾಲದಲ್ಲಿ ತುಕ್ಕು ಮೊದಲು ಹಿಡಿಯುವುದು ಅಲ್ಲೇ.

ಪೈಪ್ ತರುವ ಮೊದಲು ಗೇಟಿನ ಎರಡು ಕಂಬದ ಹೊರಗಿನಿಂದ ಹೊರಗಿಗೆ ಟೇಪ್ ಹಿಡಿದು ಅಳತೆ ಕಳಿಸು. 4 ಅಡಿಗಿಂತ ಜಾಸ್ತಿ ಇದ್ದರೆ ದಾರದ ಅಳತೆ ಬದಲಾಗುತ್ತದೆ, ನಾನೇ ಲೆಕ್ಕ ಹಾಕಿ ಹೇಳುತ್ತೇನೆ.