ಸ್ವಂತ ಸೈಟಿನ ಮನೆ, ಒಂದೂವರೆ ವರ್ಷಕ್ಕೇ ಸೋರುತ್ತಿದೆ. ಕಂಟ್ರಾಕ್ಟರ್ ಮೇಲೆ ದೂರು ಎಲ್ಲಿ ಕೊಡಬೇಕು?

ಪ್ರಶ್ನೆ (ತುಮಕೂರಿನಿಂದ)

ನಮಸ್ಕಾರ. ಕ್ಯಾತ್ಸಂದ್ರದ ಹತ್ತಿರ ನಮ್ಮದು 30x40 ಸೈಟು. ಹತ್ತು ಚದರದ ಮನೆ ಕಟ್ಟಿಸಿದೆವು. ಚದರಕ್ಕೆ 2 ಲಕ್ಷ ಅಂತ ಮಾತಾಗಿತ್ತು. ಇಲ್ಲಿತನಕ 18.5 ಲಕ್ಷ ಕೊಟ್ಟಿದ್ದೇವೆ. ಹೋದ ವರ್ಷ ವೈಶಾಖದಲ್ಲಿ ಗೃಹಪ್ರವೇಶ ಆಯಿತು.

ಈ ಮಳೆಗಾಲ ಶುರುವಾದಾಗಿನಿಂದ ಅಮ್ಮನ ರೂಮಿನ ಸೂರು ಸೋರುತ್ತಿದೆ. ಮೊನ್ನೆ ಅಂಗೈ ಅಗಲದ ಪ್ಲಾಸ್ಟರ್ ಕಳಚಿ ಮಂಚದ ಮೇಲೇ ಬಿತ್ತು. ಅಮ್ಮ ಆಗ ಅಡುಗೆಮನೆಯಲ್ಲಿದ್ದರು, ನಮ್ಮ ಪುಣ್ಯ. ಸ್ಟೂಲ್ ಹಾಕಿ ಹತ್ತಿ ನೋಡಿದೆ. ಕಂಬಿ ಹಾಗೇ ಕಾಣುತ್ತಿದೆ, ಕೆಂಪಗೆ ತುಕ್ಕು. ಗೋಡೆಯನ್ನು ಬೀಗದ ಕೈಯಿಂದ ಗೀರಿದರೆ ಮರಳು ಉದುರುತ್ತದೆ.

ಕಂಟ್ರಾಕ್ಟರ್ ಮೊದಲು ಬರ್ತೀನಿ ಬರ್ತೀನಿ ಅಂದರು, ಈಗ ಫೋನೇ ಎತ್ತುವುದಿಲ್ಲ. ಅಗ್ರಿಮೆಂಟ್ ಎರಡೇ ಪುಟ. ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ದೂರು ಕೊಡಬಹುದಾ? ನಾಳೆ ಬೇರೆ ಮೇಸ್ತ್ರಿ ಬಂದು ರಿಪೇರಿ ಮಾಡುತ್ತೇನೆ ಅಂದಿದ್ದಾರೆ.

ಉತ್ತರ (ಕೋಲಾರದಿಂದ)

ಮೊದಲು ನಾಳೆಯ ರಿಪೇರಿ ನಿಲ್ಲಿಸಿ, ದಯವಿಟ್ಟು. ನಾನು ಮಾಡಿದ ದೊಡ್ಡ ತಪ್ಪು ಅದೇ. ನಮ್ಮ ಮನೆಯ ಸಜ್ಜಾ ಬಿರುಕು ಬಿಟ್ಟಾಗ ತಕ್ಷಣ ಸಿಮೆಂಟ್ ಮೆತ್ತಿಸಿಬಿಟ್ಟೆ. ಆಮೇಲೆ ನೋಡಲು ಬಂದ ಇಂಜಿನಿಯರ್‌ಗೆ ತೋರಿಸಲು ಏನೂ ಉಳಿದಿರಲಿಲ್ಲ. ಅಮ್ಮನನ್ನು ಬೇರೆ ರೂಮಿಗೆ ಮಲಗಿಸಿ. ಬಿದ್ದ ಪ್ಲಾಸ್ಟರನ್ನೂ ಒಂದು ಚೀಲದಲ್ಲಿ ಕಟ್ಟಿಡಿ.

ರೇರಾ ನಿಮಗೆ ಬರುವುದಿಲ್ಲ. 2016ರ ಆ ಕಾಯ್ದೆ ಇರುವುದು ಫ್ಲ್ಯಾಟ್, ಲೇಔಟ್ ಮಾಡಿ ಮಾರುವವರಿಗೆ. ಅಲ್ಲಿ ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ಸರಿಮಾಡಿಕೊಡಬೇಕು. ನಮ್ಮಂಥವರು ಸ್ವಂತ ಸೈಟಿನಲ್ಲಿ ಕಟ್ಟಿಸಿದರೆ ಆ ರಕ್ಷಣೆ ಇಲ್ಲ. ಜೀವಮಾನದ ದುಡ್ಡು ಹಾಕುವವರು ನಾವೂ ಅಲ್ವಾ? ಮನೆ ಕಟ್ಟುವ ಕಂಟ್ರಾಕ್ಟರ್‌ಗಳನ್ನೂ ಸರ್ಕಾರ ನೋಂದಣಿ ಮಾಡಿಸಲೇಬೇಕು.

ನಿಮಗಿರುವ ದಾರಿ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ 'ಸೇವೆ'ಯೇ. ನೀವು ಕೊಟ್ಟ ಹಣ 50 ಲಕ್ಷದೊಳಗಿದೆ, ಹಾಗಾಗಿ ತುಮಕೂರಿನಲ್ಲೇ ದೂರು ಹಾಕಬಹುದು. ಕಂಟ್ರಾಕ್ಟರ್ ಬೇರೆ ಊರಿನವರಾದರೂ ಪರವಾಗಿಲ್ಲ. ನಿಮ್ಮ ಮೊತ್ತಕ್ಕೆ ಶುಲ್ಕ 400 ರೂಪಾಯಿ. ಲಾಯರ್ ಇಲ್ಲದೆಯೂ ವಾದಿಸಬಹುದು. ಆದರೆ 2 ವರ್ಷದೊಳಗೆ ಹಾಕಬೇಕು, ಸುಮ್ನೆ ಕಾಯಬೇಡಿ. ರಿಪೇರಿ ಖರ್ಚಿನ ಜೊತೆ ಮನಸ್ಸಿಗಾದ ನೋವಿಗೂ ಪರಿಹಾರ ಕೇಳಿ. ಆದೇಶ ಬಂದ ಮೇಲೂ ದುಡ್ಡು ಕೊಡದಿದ್ದರೆ ಜೈಲಿಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ.

ಉತ್ತರ (ಚಿಕ್ಕಬಳ್ಳಾಪುರದಿಂದ)

ನಾನು ಸೈಟ್ ಇಂಜಿನಿಯರ್. ಸೂರಿನ ಕಂಬಿಯ ಕೆಳಗೆ ಕಮ್ಮಿ ಅಂದರೂ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ಪ್ಲಾಸ್ಟರ್ ಬಿದ್ದ ಕೂಡಲೇ ಕಂಬಿ ಕಂಡಿತು ಅಂದರೆ ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಸಣ್ಣ ಸಿಮೆಂಟ್ ತುಂಡು) ಇಡದೆಯೇ ಕಾಂಕ್ರೀಟ್ ಹಾಕಿರುವ ಹಾಗಿದೆ. ಆ ಜಾಗದಲ್ಲಿ ಸ್ಕೇಲ್ ಹಿಡಿದು ಫೋಟೋ ತೆಗೆಯಿರಿ. ಆಮೇಲೆ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಿ, ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡುವ ಸುತ್ತಿಗೆ ಪರೀಕ್ಷೆ ಮಾಡಿಸಿ, ಸಹಿ ಮಾಡಿದ ವರದಿ ತೆಗೆದುಕೊಳ್ಳಿ. ಬಾಯಿಮಾತಿನ ಅಭಿಪ್ರಾಯ ಯಾವ ಕೆಲಸಕ್ಕೂ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಮೇಸ್ತ್ರಿಗೆ ಬೇಡ ಅಂದೆ. ಅಮ್ಮನ ಮಂಚ ಹಾಲ್‌ಗೆ ಬಂತು. ಹುಡುಕಿದಾಗ ಫೋನ್‌ಪೇಯಲ್ಲಿ 11 ಲಕ್ಷದ ಲೆಕ್ಕ ಸಿಕ್ಕಿತು. ಉಳಿದದ್ದು ಕೈಯಲ್ಲಿ ಕೊಟ್ಟಿದ್ದು, ರಸೀದಿ ಇಲ್ಲ. ಅದು ಹೋದ ಹಾಗೇನಾ?

ಉತ್ತರ (ಕೋಲಾರದಿಂದ)

ಈಗಲೇ ಕೈಬಿಡಬೇಡಿ. ಆ ದಿನಗಳಲ್ಲಿ ಬ್ಯಾಂಕಿನಿಂದ ಎಷ್ಟು ತೆಗೆದಿರಿ, ಪಾಸ್‌ಬುಕ್ ನೋಡಿ. ವಾಟ್ಸಾಪ್‌ನಲ್ಲಿ ಅವರು "ಬಂತು ಸಾರ್" ಅಂತ ಹಾಕಿದ್ದರೆ ಅದನ್ನೂ ತೆಗೆದಿಡಿ. ನಮಗೆ ಕೈಹಿಡಿದಿದ್ದು ಅಂಥ ಒಂದು ಮೆಸೇಜು. ಹೆಂಡತಿಯ ಫೋನಿನಲ್ಲಿ ಸಿಕ್ಕಿತು. ದೂರು ಹಾಕುವ ಮೊದಲು ಕಂಟ್ರಾಕ್ಟರ್‌ಗೆ ನೋಟಿಸ್ ಕಳಿಸುವಾಗ ಅವರ ಮನೆ, ಅಂಗಡಿ ಎರಡೂ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, 15 ದಿನ ಗಡುವು ಕೊಡಿ. ಕವರ್ ವಾಪಸ್ ಬಂದರೆ ಒಡೆಯದೆ ಹಾಗೇ ಇಟ್ಟುಕೊಳ್ಳಿ.